ಮಂಕಾದ ಕಾರಿಗೆ ಅರ್ಧ ದಿನ: ಮೊದಲು ಪಾಲಿಶ್, ಆಮೇಲೆ ವ್ಯಾಕ್ಸ್

ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಇರುವ ಜೋಗುಪಾಳ್ಯದಲ್ಲಿ ಮನೆಗೆ ಮನೆ ಅಂಟಿಕೊಂಡಿವೆ. ಕಾರು ಹೆಚ್ಚಾಗಿ ಬೀದಿಯಲ್ಲೇ ನಿಲ್ಲಬೇಕು. ಹಾಗೆ ನಾಲ್ಕಾರು ವರ್ಷ ನಿಂತ ಒಂದು ಕಾರನ್ನು ಸುತ್ತು ಹಾಕಿ ನೋಡಿ. ಬಾಗಿಲುಗಳಲ್ಲಿ ಬಣ್ಣ ಇನ್ನೂ ಜೀವಂತ. ಬಾನೆಟ್ಟು, ಚಾವಣಿ, ಡಿಕ್ಕಿಯ ಮೇಲ್ಭಾಗ ಮಾತ್ರ ಮಂಕು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದರ ಆಚೀಚಿನ ತಿಂಗಳುಗಳಲ್ಲೂ ಬಿಸಿಲು ಹೆಚ್ಚುಕಡಿಮೆ ಲಂಬವಾಗಿಯೇ ಬೀಳುತ್ತದೆ. ಮಲಗಿರುವ ತಗಡು ಅದನ್ನು ಇಡಿಯಾಗಿ ಉಣ್ಣುತ್ತದೆ. ನಿಂತಿರುವ ಬಾಗಿಲಿಗೆ ಅದರ ಒಂದು ಪಾಲಷ್ಟೇ.

ಇಂಥ ಕಾರು ಕಂಡವರು ‘ಪೂರಾ ಪೇಂಟ್ ಹೊಡೆಸಿಬಿಡಿ’ ಅನ್ನುತ್ತಾರೆ, ಇಲ್ಲವೇ ‘ಹಳೇ ಗಾಡಿ, ಹೋಗಲಿ ಬಿಡಿ’ ಅನ್ನುತ್ತಾರೆ. ಎರಡೂ ಅವಸರದ ಮಾತು. ಬಹಳಷ್ಟು ಕಾರುಗಳಲ್ಲಿ ಕೆಟ್ಟಿರುವುದು ಬಣ್ಣದ ತೀರ ಮೇಲಿನ ಎರಡು ಮೂರು ಮೈಕ್ರಾನ್ ಮಾತ್ರ. ಅಷ್ಟನ್ನು ತೆಗೆದು, ಉಳಿದದ್ದಕ್ಕೆ ಹೊದಿಕೆ ಹಾಕಿದರೆ ಸಾಕು. ಪಾಲಿಶ್ ಎನ್ನುವುದು ಆ ತೆಗೆಯುವ ಕೆಲಸ, ವ್ಯಾಕ್ಸ್ ಎನ್ನುವುದು ಹೊದಿಸುವ ಕೆಲಸ. ಚಿಕ್ಕ ಕಾರಾದರೆ, ಕೈಯಲ್ಲೊಂದು ಮೆಷೀನ್ ಇದ್ದರೆ, ಅರ್ಧ ದಿನದಲ್ಲಿ ಮುಗಿಯುತ್ತದೆ.

ತೆಗೆಯುವ ಮೊದಲು ಎಷ್ಟಿದೆ ಎಂದು ತಿಳಿದಿರಬೇಕು. ಇಂದಿನ ಕಾರಿನ ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ನಾಲ್ಕೂ ಸೇರಿದರೆ 100ರಿಂದ 150 ಮೈಕ್ರಾನ್, ಅಂದರೆ ನಾವು ಬರೆಯುವ ಒಂದು ಹಾಳೆಯ ದಪ್ಪ ಅಥವಾ ಸ್ವಲ್ಪ ಹೆಚ್ಚು. ಕ್ಲಿಯರ್ ಕೋಟ್ ಒಂದೇ ಸುಮಾರು 40 ಮೈಕ್ರಾನ್. ಬಿಸಿಲಿನ ನೇರಳಾತೀತ ಕಿರಣ ತಡೆಯುವ ರಾಸಾಯನಿಕ ಇರುವುದು ಈ ಪದರದಲ್ಲಿ. ಹೀಗಾಗಿ ಪ್ರತಿ ಸಲ ಪಾಲಿಶ್ ಮಾಡಿದಾಗಲೂ ಕಾರಿನ ಆಯುಷ್ಯದಿಂದಲೇ ಒಂದಿಷ್ಟು ಖರ್ಚಾಗುತ್ತದೆ. ಒಮ್ಮೆ ಹೋದ ಕ್ಲಿಯರ್ ಕೋಟನ್ನು ಯಾವ ಡಬ್ಬಿಯೂ ಮರಳಿ ಕೊಡುವುದಿಲ್ಲ. ಹಬ್ಬಕ್ಕೊಂದು ಸಲ ‘ರಬ್ಬಿಂಗ್’ ಮಾಡಿಸುವ ರೂಢಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದ್ದು. ಅವಕ್ಕೆ ಕ್ಲಿಯರ್ ಕೋಟ್ ಇರಲಿಲ್ಲ, ದಪ್ಪ ಬಣ್ಣವೇ ಮೇಲ್ಪದರ. ಉಜ್ಜಿದಾಗ ಬಟ್ಟೆಗೆ ಬಣ್ಣ ಹತ್ತುತ್ತಿತ್ತು, ಕೆಳಗಿನ ಹೊಸ ಬಣ್ಣ ಮೇಲೆ ಬರುತ್ತಿತ್ತು. ಆ ರೂಢಿಯನ್ನು ಇವತ್ತಿನ ಕಾರಿಗೆ ತಂದರೆ ಕೆಲವೇ ವರ್ಷಗಳಲ್ಲಿ ಕ್ಲಿಯರ್ ಕೋಟ್ ಸವೆದು ಹೋಗುತ್ತದೆ.

ಕೆಲವು ಕಾರುಗಳಿಗೆ ಪಾಲಿಶ್ ಪ್ರಯೋಜನವಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ಬಾನೆಟ್ಟಿನ ಮೇಲೆ ಬಿಳಿ ತೇಪೆಗಳೆದ್ದು ಅಂಚಿನಲ್ಲಿ ಸಿಪ್ಪೆ ಏಳುತ್ತಿದ್ದರೆ ಅಲ್ಲಿ ಕ್ಲಿಯರ್ ಕೋಟ್ ಆಗಲೇ ಸತ್ತಿದೆ. ಉಜ್ಜಿದಷ್ಟೂ ಸಿಪ್ಪೆ ಹಿಗ್ಗುತ್ತದೆ, ಆ ಭಾಗಕ್ಕೆ ಪೇಂಟೇ ಗತಿ. ಗೀರಿನ ಮೇಲೆ ಉಗುರು ಅಡ್ಡ ಎಳೆದಾಗ ಉಗುರು ಸಿಕ್ಕಿಕೊಂಡರೆ ಆ ಗೀರು ಪಾಲಿಶ್‌ಗೆ ನಿಲುಕದಷ್ಟು ಆಳ. ಉಗುರು ಜಾರಿ ಹೋಗುವ, ಬಿಸಿಲಿಗೆ ಜೇಡರ ಬಲೆಯಂತೆ ಹೊಳೆಯುವ ಸಣ್ಣ ಗೀರುಗಳು ಮಾತ್ರ ಇದ್ದರೆ ಸಂತೋಷದಿಂದ ಮುಂದುವರಿಯಿರಿ.

ಮೊದಲು ತೊಳೆಯುವುದು. 2024ರ ಮಾರ್ಚ್‌ನ ನೀರಿನ ಬವಣೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಅದನ್ನೇ ಮತ್ತೆ ಸಾರಿತು. ಅದು ಸರಿಯಾದ ಆದೇಶ. ಪೈಪು ಹಿಡಿದು ತೊಳೆದರೆ ನೂರು ಲೀಟರ್ ದಾಟುವುದು ಏನೂ ಕಷ್ಟವಲ್ಲ, ಆದರೆ ಈ ಕೆಲಸಕ್ಕೆ ಎರಡು ಬಕೆಟ್ ಸಾಕು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ. ಚಕ್ರ, ಮಡ್‌ಗಾರ್ಡ್ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ಬೋರ್‌ವೆಲ್ ನೀರಾದರೆ ಮೈ ಮೇಲೆ ಆರಲು ಬಿಡಬೇಡಿ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಳಿ ಉಂಗುರಗಳಾಗಿ ಕಚ್ಚಿಕೊಳ್ಳುತ್ತವೆ. ಆಗಲೇ ಕಚ್ಚಿದ್ದರೆ ನೀರು ಬೆರೆಸಿದ ವಿನಿಗರ್‌ನಲ್ಲಿ ಅದ್ದಿದ ಬಟ್ಟೆ ಒಂದೆರಡು ನಿಮಿಷ ಇಟ್ಟು, ಒರೆಸಿ, ತೊಳೆಯಿರಿ. ಪಾತ್ರೆ ತೊಳೆಯುವ ಸೋಪು ವ್ಯಾಕ್ಸನ್ನು ಕಿತ್ತುಹಾಕುತ್ತದೆಂದು ಅದನ್ನು ದೂರ ಇಡಬೇಕು ಅನ್ನುತ್ತಾರೆ. ಪಾಲಿಶ್‌ಗೆ ಮುಂಚಿನ ಈ ಒಂದು ಸ್ನಾನಕ್ಕೆ ಮಾತ್ರ ನಡೆಯುತ್ತದೆ, ಇರುವ ಹಳೆಯ ಜಿಡ್ಡು ಹೇಗೂ ಹೋಗಬೇಕಲ್ಲ. ಮಾವಿನ ಮರದ ಕೆಳಗೆ ನಿಂತ ಕಾರಿನ ಅಂಟು ಹೆಚ್ಚಾಗಿ ಮರದ ಹಾಲಲ್ಲ, ರಸ ಹೀರುವ ಕೀಟಗಳು ಹೊರಹಾಕಿದ ಸಿಹಿ ದ್ರವ. ಬೆಚ್ಚಗಿನ ಶಾಂಪೂ ನೀರಿಗೆ ಅದು ಬಿಡುತ್ತದೆ.

ಒಣಗಿದ ಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಬಾನೆಟ್ಟಿನ ಮೇಲೆ ಸವರಿ. ಬರಿಗೈಗೆ ನುಣುಪು ಅನ್ನಿಸಿದ್ದು ಈಗ ಮರಳು ಮರಳಾಗಿ ತಾಕಿದರೆ, ಸಿಮೆಂಟಿನ ಸೂಕ್ಷ್ಮ ಹನಿ, ಬ್ರೇಕಿನ ಕಬ್ಬಿಣದ ಪುಡಿ, ಡಾಂಬರು ಒಳಗೆ ನಾಟಿವೆ ಎಂದು ಅರ್ಥ. ಅದಕ್ಕೆ ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಉಂಡೆ ಇದೆ. 1980ರ ದಶಕದಲ್ಲಿ ಜಪಾನಿನಲ್ಲಿ ರೂಪುಗೊಂಡದ್ದು. ಶಾಂಪೂ ನೀರು ಚಿಮುಕಿಸಿ, ಒತ್ತದೆ, ಜಾರಿಸುತ್ತಾ ಹೋಗಬೇಕು. ಕೆಳಗೆ ಬಿದ್ದ ಉಂಡೆಯನ್ನು ಎಸೆದುಬಿಡಿ.

ಪಾಲಿಶ್‌ಗೆ ಕಾರನ್ನು ನೆರಳಿಗೆ ತನ್ನಿ, ತಗಡು ಕೈಗೆ ತಣ್ಣಗಿರಬೇಕು. ಬಾಗಿಲಿನ ಅಂಚು, ಬಾನೆಟ್ಟಿನ ಏಣುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ಏಕೆಂದರೆ ಅಲ್ಲಿ ಬಣ್ಣ ಎಲ್ಲಕ್ಕಿಂತ ತೆಳು. ಕಪ್ಪು ಪ್ಲಾಸ್ಟಿಕ್ ಭಾಗಗಳಿಗೂ ಹಚ್ಚಿ. ಅವುಗಳ ಮೇಲೆ ಒಣಗಿದ ಪಾಲಿಶ್ ಬಿಳಿಗಟ್ಟಿ ಹಠ ಹಿಡಿದು ಕೂರುತ್ತದೆ. ಡಬ್ಬಿಯಲ್ಲಿರುವುದು ಮುಖ್ಯವಾಗಿ ಅಲ್ಯುಮಿನಿಯಂ ಆಕ್ಸೈಡಿನ ಬಹಳ ನುಣ್ಣನೆಯ ಪುಡಿ, ಸಾಣೆಕಲ್ಲುಗಳಲ್ಲೂ ಬಳಕೆಯಾಗುವ ವಸ್ತು. ಗೀರು ಹೊಳೆಯುವುದು ಅದರ ಚೂಪು ಅಂಚು ಬೆಳಕನ್ನು ಚೆದುರಿಸುವುದರಿಂದ. ಆ ಅಂಚನ್ನು ಈ ಪುಡಿ ಸವೆಸಿ ಸುತ್ತಲಿನ ಮಟ್ಟಕ್ಕೆ ತರುತ್ತದೆ, ಆಗ ಬೆಳಕು ಚದುರದೆ ಮರಳುತ್ತದೆ, ಬಣ್ಣ ಗಾಢವಾಗಿ ಕಾಣುತ್ತದೆ. ಹೊಳಪಿನ ಗುಟ್ಟು ಇಷ್ಟೇ.

ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಎರಡು ಬಗೆಯ ಮೆಷೀನ್ ಸಿಗುತ್ತವೆ. ಒಂದೇ ಕೇಂದ್ರದ ಸುತ್ತ ತಿರುಗುವ ರೋಟರಿ ಬಫರ್ ಬೇಗ ಕತ್ತರಿಸುತ್ತದೆ, ಬೇಗ ಬಿಸಿಯಾಗುತ್ತದೆ. ಒಂದೇ ಕಡೆ ಕ್ಷಣ ಹೆಚ್ಚು ನಿಂತರೂ ಬಣ್ಣ ಸುಡುತ್ತದೆ. ಪಳಗಿದ ಕೈಗೆ ಮಾತ್ರ ಅದು. ತಿರುಗುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್, ಅಂಗಡಿಯವರ ಮಾತಿನಲ್ಲಿ ‘ಡಿಎ’, ನಿಧಾನ. ಮೊದಲ ಸಲ ಹಿಡಿಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಫೋಮ್ ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಬೊಟ್ಟು ಪಾಲಿಶ್ ಇಡಿ. ಎರಡಡಿ ಚೌಕವನ್ನಷ್ಟೇ ತೆಗೆದುಕೊಳ್ಳಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಹಿಂದಿನ ಗೆರೆಯ ಅರ್ಧದ ಮೇಲೆ ಹಾಯುತ್ತಾ, ನಿಧಾನ ಸಾಗಿ. ಪಾಲಿಶ್ ತೆಳುವಾಗಿ ಪಾರದರ್ಶಕವಾದಾಗ ನಿಲ್ಲಿಸಿ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಎಲ್ಲಕ್ಕಿಂತ ನಯವಾದ ಪಾಲಿಶ್ ಮೊದಲು. ಅದಕ್ಕೆ ಜಗ್ಗದಿದ್ದರೆ ಮಾತ್ರ ದಪ್ಪ ಕಾಂಪೌಂಡ್. ಮೆಷೀನ್ ಇಲ್ಲದಿದ್ದರೆ ಕೈಯಲ್ಲೂ ಆಗುತ್ತದೆ, ಇಡೀ ದಿನ ಹಿಡಿಯುತ್ತದೆ, ಭುಜ ನೋಯುತ್ತದೆ. ಆಗ ಬಾನೆಟ್ಟು, ಚಾವಣಿಗಳನ್ನಷ್ಟೇ ಮಾಡಿ.

ಇಲ್ಲಿ ಒಂದು ಎಚ್ಚರಿಕೆ. ಡೀಸೆಲ್ಲೋ ಸೀಮೆಎಣ್ಣೆಯೋ ಹಾಕಿ ಒರೆಸಿದರೂ ಹಳೆಯ ಕಾರು ಥಳಥಳ ಅನ್ನುತ್ತದೆ. ಎಣ್ಣೆ ಗೀರಿನೊಳಗೆ ತುಂಬಿ ಅಂಚನ್ನು ಮರೆಮಾಡಿರುತ್ತದೆ, ಅಷ್ಟೇ. ನಾಲ್ಕು ದಿನದಲ್ಲಿ ಆ ಎಣ್ಣೆಗೆ ಧೂಳು ಮೆತ್ತಿ ಕಾರು ಮೊದಲಿಗಿಂತ ಕಳೆಗೆಡುತ್ತದೆ. ಕೆಲವು ಅಗ್ಗದ ಪಾಲಿಶ್‌ಗಳಲ್ಲಿಯೂ ಇದೇ ಕೆಲಸಕ್ಕೆ ಸಿಲಿಕೋನ್ ಎಣ್ಣೆ ಇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ ಒಂದು ಚೌಕ ಒರೆಸಿ ನೋಡಿ. ಆಮೇಲೂ ಉಳಿದ ಹೊಳಪು ನಿಮ್ಮದು.

ವ್ಯಾಕ್ಸ್ ಹಾಕುವುದು ಸುಲಭ. ಹೆಸರಾಂತ ಕಾರ್ನೂಬಾ ಮೇಣ ಈಶಾನ್ಯ ಬ್ರೆಜಿಲ್‌ನ ಒಂದು ತಾಳೆ ಜಾತಿಯ ಮರದ ಎಲೆಯಿಂದ ಬರುತ್ತದೆ. ಅಲ್ಲಿನ ಒಣ ಬಿಸಿಲಿನಲ್ಲಿ ನೀರು ಆರದಂತೆ ಎಲೆ ತಾನೇ ತೊಟ್ಟ ಹೊದಿಕೆ ಅದು. ಎಲೆ ಒಣಗಿಸಿ ಬಡಿದರೆ ಪುಡಿಯಾಗಿ ಉದುರುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಯಲ್ಲಿ ಕರಗಿದರೆ ಇದು ಕರಗಲು 82ರಿಂದ 86 ಡಿಗ್ರಿ ಬೇಕು. ಬಿಸಿಲಿನಲ್ಲಿ ನಿಂತ ಕಪ್ಪು ಬಾನೆಟ್ಟು 60 ಡಿಗ್ರಿ ದಾಟಬಲ್ಲದು, ಹಾಗಾಗಿ ಈ ಅಂತರ ದೊಡ್ಡದು. ತೀರ ತೆಳುವಾಗಿ ಹಚ್ಚಿ. ದಪ್ಪ ಹಚ್ಚಿದರೆ ಒರೆಸುವ ಕಷ್ಟ ಹೆಚ್ಚುತ್ತದೆಯೇ ಹೊರತು ರಕ್ಷಣೆಯಲ್ಲ. ಮಬ್ಬಾಗಿ ಒಣಗಿದ ಮೇಲೆ ಒಣ ಮೈಕ್ರೋಫೈಬರಿನಲ್ಲಿ ಒರೆಸಿ ತೆಗೆಯಿರಿ. ಬೀದಿಯಲ್ಲಿ ನಿಲ್ಲುವ ಕಾರಿಗೆ ಇದು ಎರಡು ತಿಂಗಳ ಆಚೀಚೆ ಬಾಳುತ್ತದೆ, ಕೃತಕ ಪಾಲಿಮರ್ ಸೀಲಂಟ್ ಇನ್ನೂ ಹೆಚ್ಚು. ನೀರು ಚಿಮುಕಿಸಿದಾಗ ಮುತ್ತಾಗದೆ ಹಾಳೆಯಾಗಿ ಹರಡಿದರೆ ಮತ್ತೆ ವ್ಯಾಕ್ಸ್ ಹಾಕುವ ಹೊತ್ತು. ಪಾಲಿಶ್ ಮಾತ್ರ ವರ್ಷಕ್ಕೊಂದು ಸಲಕ್ಕಿಂತ ಹೆಚ್ಚು ಬೇಡ. ಸೆರಾಮಿಕ್ ಕೋಟಿಂಗ್‌ಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಅದರ ಕೆಳಗೂ ಇದೇ ಪಾಲಿಶ್ ಆಗಿರಬೇಕು. ಹಳೆಯ ಕಾರಿಗೆ ಆ ಖರ್ಚು ಬೇಕಿಲ್ಲವೆಂದೇ ನನ್ನ ಎಣಿಕೆ.

ಆಯುಧಪೂಜೆಯ ಹಿಂದಿನ ವಾರ ವ್ಯಾಕ್ಸ್ ಹಾಕಿದರೆ ಒಳ್ಳೆಯದು. ಗಂಧ, ಕುಂಕುಮ, ಅರಿಸಿನ ಬರೀ ಬಣ್ಣದ ಮೇಲಲ್ಲ, ಮೇಣದ ಮೇಲೆ ಕೂರುತ್ತವೆ. ಪೂಜೆ ಮುಗಿದು ಮರುದಿನ ತೆಗೆಯುವಾಗ ಒಣಗಿದ ಗಂಧವನ್ನು ಉಜ್ಜಬೇಡಿ, ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಿ. ಹಕ್ಕಿಯ ಹಿಕ್ಕೆಗೂ ಇದೇ ಕ್ರಮ, ಆದರೆ ಅದಕ್ಕೆ ಮರುದಿನ ಕಾಯುವಂತಿಲ್ಲ. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ, ಸಂಜೆ ತಣಿಯುವಾಗ ಹಿಕ್ಕೆಯ ಒರಟು ಅಚ್ಚನ್ನೇ ಹಿಡಿದುಕೊಂಡುಬಿಡುತ್ತದೆ.

ಇಷ್ಟೆಲ್ಲ ಮಾಡಿದ ಹೊಳಪನ್ನು ಕೆಲವೇ ವಾರಗಳಲ್ಲಿ ಕಳೆಯುವುದು ಬಿಸಿಲಲ್ಲ, ದಿನಾ ಬೆಳಗಿನ ಒರೆಸುವಿಕೆ. ನಮ್ಮ ಬೀದಿಗಳಲ್ಲಿ ತಿಂಗಳ ಲೆಕ್ಕಕ್ಕೆ ಕಾರು ಒರೆಸುವವರು ಒಂದು ಬಕೆಟ್, ಒಂದು ಬಟ್ಟೆಯಲ್ಲಿ ಹತ್ತಾರು ಕಾರು ಮುಗಿಸಬೇಕು. ಮೊದಲ ಕಾರಿನ ಮಣ್ಣು ಕೊನೆಯ ಕಾರಿನ ಮೈ ಗೀರುತ್ತದೆ. ಇದರಲ್ಲಿ ಅವರ ತಪ್ಪಿಲ್ಲ. ಆ ದುಡ್ಡಿಗೆ, ಆ ಹೊತ್ತಿಗೆ, ಬೇರೆ ದಾರಿ ಅವರಿಗಿಲ್ಲ. ನಿಮ್ಮ ಕಾರಿಗೆಂದೇ ಎರಡು ಮೈಕ್ರೋಫೈಬರ್ ಬಟ್ಟೆ ಕೊಡಿ, ವಾರಕ್ಕೊಮ್ಮೆ ನೀವೇ ಒಗೆದಿಡಿ. ಒಣ ಧೂಳಿನ ಮೇಲೆ ಬಟ್ಟೆ ಎಳೆಯುವ ಮುನ್ನ ನಾಲ್ಕು ಚೊಂಬು ನೀರು ಸುರಿಯಲು ಹೇಳಿ. ದಿನಾ ಒರೆಸುವ ಬದಲು ವಾರಕ್ಕೆ ಎರಡೇ ದಿನ ಬರಲಿ, ತಿಂಗಳ ದುಡ್ಡು ಮಾತ್ರ ಮೊದಲಿನಷ್ಟೇ ಇರಲಿ.