ರಿಚ್ಚಿ ಸ್ಟ್ರೀಟ್‌ನಿಂದ ಸರ್ವರ್‌ವರೆಗೆ: ಆಟದ ಕಂಪ್ಯೂಟರ್ ಕೊಡಿಸುವ ಮುನ್ನ

ಚೆನ್ನೈ: ಪರೀಕ್ಷೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಇಲ್ಲಿನ ಕನ್ನಡಿಗರ ಮನೆಗಳಲ್ಲೂ ಒಂದು ಬೇಡಿಕೆ ತಲೆ ಎತ್ತುತ್ತದೆ. ಹಿಂದೆ ಅದು ಸೈಕಲ್ ಆಗಿತ್ತು, ಆಮೇಲೆ ಬೈಕ್ ಆಯಿತು, ಈಗ 'ಗೇಮಿಂಗ್ ಪಿಸಿ'. ಬೆಲೆ ಕೇಳಿ ಬೆಚ್ಚಿದ ತಂದೆ "ಅದರ ಬದಲು ಪ್ಲೇಸ್ಟೇಷನ್ ಅಗ್ಗವಲ್ಲವೇ?" ಎನ್ನುವುದೂ, ಮಗ ಅದಕ್ಕೆ ಅರ್ಧ ಗಂಟೆಯ ಭಾಷಣ ಬಿಗಿಯುವುದೂ ಈಗ ವಾಡಿಕೆ. ಆ ಭಾಷಣದಲ್ಲಿ ಹುರುಳಿಲ್ಲದೆ ಇಲ್ಲ.

ಪಿಸಿ ಆಟಗಾರರ ಮೊದಲ ವಾದ ರಿಚ್ಚಿ ಸ್ಟ್ರೀಟ್‌ನಲ್ಲೇ ಸಿಗುತ್ತದೆ. ಅಣ್ಣಾ ಸಾಲೈಗೆ ತಾಗಿಕೊಂಡು ಚಿಂತಾದ್ರಿಪೇಟೆಯತ್ತ ಹರಡಿರುವ ಈ ಸಂತೆ ರೇಡಿಯೋ ಬಿಡಿಭಾಗಗಳ ಕಾಲದಿಂದ ಬೆಳೆದು ಬಂದದ್ದು. ದೆಹಲಿಯ ನೆಹರೂ ಪ್ಲೇಸ್ ಬಿಟ್ಟರೆ ದೇಶದಲ್ಲೇ ದೊಡ್ಡ ಇಲೆಕ್ಟ್ರಾನಿಕ್ಸ್ ಪೇಟೆ ಎಂಬ ಹೆಸರು ಇದಕ್ಕಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯನ್ನು ಸುತ್ತಿ ಬಲ್ಲವರಿಗೆ ಇಲ್ಲಿ ದಾರಿ ತಪ್ಪದು. ಪ್ರೊಸೆಸರ್ ಒಂದು ಅಂಗಡಿಯಲ್ಲಿ, ಕ್ಯಾಬಿನೆಟ್ ಇನ್ನೊಂದರಲ್ಲಿ, ಚೌಕಾಸಿ ಎಲ್ಲೆಡೆಯಲ್ಲಿ. ಕಂಪ್ಯೂಟರನ್ನು ಒಂದೇ ಸಲ ಪೂರ್ತಿ ಕೊಳ್ಳಬೇಕಿಲ್ಲ ಎನ್ನುವುದೇ ಮಧ್ಯಮ ವರ್ಗಕ್ಕೆ ಅದರ ದೊಡ್ಡ ಅನುಕೂಲ. ಈ ವರ್ಷ ಯಂತ್ರ, ಮುಂದಿನ ವರ್ಷದ ಬೋನಸ್ಸಿನಲ್ಲಿ ಗ್ರಾಫಿಕ್ಸ್ ಕಾರ್ಡ್. ಕೆಟ್ಟದ್ದು ಒಂದು ಭಾಗವಾದರೆ ಆ ಒಂದನ್ನೇ ಬದಲಿಸಿದರಾಯಿತು. ಅದೇ ಯಂತ್ರದಲ್ಲಿ ಮಗಳ ಪ್ರಾಜೆಕ್ಟೂ ಆಗುತ್ತದೆ, ಅಪ್ಪನ ಆದಾಯ ತೆರಿಗೆಯ ಲೆಕ್ಕವೂ ಆಗುತ್ತದೆ.

ಕನ್ಸೋಲ್ ಮೊಹರು ಮಾಡಿದ ಪೆಟ್ಟಿಗೆಯಂತೆ. 2007ರಲ್ಲಿ ಪ್ಲೇಸ್ಟೇಷನ್ 3 ನಮ್ಮ ದೇಶಕ್ಕೆ ಬಂದದ್ದು 39,990 ರೂಪಾಯಿಗೆ. 2014ರ ಜನವರಿಯಲ್ಲಿ ಬಂದ ಪ್ಲೇಸ್ಟೇಷನ್ 4ರ ಬೆಲೆಯೂ ಅಷ್ಟೇ. 2021ರ ಫೆಬ್ರವರಿಯಲ್ಲಿ ಬಂದ ಪ್ಲೇಸ್ಟೇಷನ್ 5ಕ್ಕೆ 49,990. ಜಿಎಸ್‌ಟಿ ಜಾರಿಯಾದ 2017ರಲ್ಲಿ ಸರಕಾರ ಕನ್ಸೋಲನ್ನು ಶೇ. 28ರ ಸಾಲಿಗೆ ಸೇರಿಸಿತ್ತು, 2019ರ ಜನವರಿಯಿಂದ ಅದು ಶೇ. 18ಕ್ಕೆ ಇಳಿಯಿತು. ಹೊಸ್ತಿಲಲ್ಲಿ ಕನ್ಸೋಲೇ ಅಗ್ಗ, ಅದನ್ನು ಒಪ್ಪಲೇಬೇಕು. ಆದರೆ ದುಡ್ಡು ಕೊಟ್ಟು ಕೊಂಡ ಆಟವನ್ನು ಇಂಟರ್‌ನೆಟ್‌ನಲ್ಲಿ ಇತರರೊಂದಿಗೆ ಆಡಲು ಕನ್ಸೋಲಿಗೆ ಸಾಮಾನ್ಯವಾಗಿ ಪ್ರತ್ಯೇಕ ಚಂದಾ ಕಟ್ಟಬೇಕು. ಪಿಸಿಯಲ್ಲಿ ಅಂಥ ಕಪ್ಪಕಾಣಿಕೆ ಇಲ್ಲ. ಇತ್ತ ಪಿಸಿ ಹುಡುಗರು ಬಾಯಿಬಿಡದ ಸಂಗತಿಯೂ ಒಂದಿದೆ: ಕನ್ಸೋಲಿನ ಆಟದ ಡಿಸ್ಕನ್ನು ಆಡಿ ಮುಗಿಸಿ ಮಾರಬಹುದು, ಪಿಸಿಯಲ್ಲಿ ಡೌನ್‌ಲೋಡ್ ಮಾಡಿದ ಆಟವನ್ನು ಮಾರಲು ಬರುವುದಿಲ್ಲ.

ಬಿಡಿಭಾಗಗಳ ಬೆಲೆ ಮಾತ್ರ ಯಾರ ಕೈಯಲ್ಲೂ ಇಲ್ಲ. 2020ರಿಂದ 2022ರವರೆಗೆ ಕ್ರಿಪ್ಟೋ ನಾಣ್ಯ 'ಅಗೆಯುವವರು' ಗ್ರಾಫಿಕ್ಸ್ ಕಾರ್ಡುಗಳನ್ನು ಗೋಚಿಕೊಂಡರು. ಆಟಗಾರರಿಗೆ ಉಳಿದದ್ದು ದುಪ್ಪಟ್ಟು ಬೆಲೆ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಆ ಪದ್ಧತಿಯನ್ನೇ ಕೈಬಿಟ್ಟಾಗ ಹಗಲಿರುಳು ದುಡಿದು ದಣಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಸುರಿದವು. 2025ರ ಕೊನೆಯಲ್ಲಿ ಸರದಿ ರ‍್ಯಾಮ್‌ನದಾಯಿತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಹಸಿವಿಗೆ ಮೆಮೊರಿಯ ಬೆಲೆ ಏರಿತು. ಮೈಕ್ರಾನ್ ಕಂಪೆನಿ ಡಿಸೆಂಬರಿನಲ್ಲಿ ತನ್ನ 'ಕ್ರೂಷಿಯಲ್' ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಸಾರಿತು. ಇದರ ಮೇಲೆ ಈ ಊರಿನ ಸೆಕೆ, ಉಪ್ಪುಗಾಳಿ ಬೇರೆ. ಬೆಸೆಂಟ್ ನಗರದಂಥ ಕಡಲ ಬದಿಯ ಮನೆಯಲ್ಲಿ ಬಣ್ಣಬಣ್ಣದ ದೀಪಕ್ಕೆ ಖರ್ಚು ಮಾಡುವ ಬದಲು ಒಳ್ಳೆಯ ಪವರ್ ಸಪ್ಲೈ, ಯುಪಿಎಸ್ ಮತ್ತು ಧೂಳು ತಡೆಯುವ ಜಾಲರಿಗೆ ಹಣ ಹಾಕುವುದೇ ಜಾಣತನ.

ಆನ್‌ಲೈನ್ ಆಟದ ವಿಷಯದಲ್ಲಿ ಮಾತ್ರ ಚೆನ್ನೈಯವರು ಪುಣ್ಯವಂತರು. ಶತಮಾನದ ಆರಂಭದಲ್ಲಿ ಇಲ್ಲಿನ ಟೈಡೆಲ್ ಪಾರ್ಕಿನಲ್ಲಿ ನೆಲೆಯಿದ್ದ ಸಿಫಿ ಕಂಪೆನಿಯ 'ಐವೇ' ಸೇರಿದಂತೆ ಗಲ್ಲಿಗೊಂದು ಬ್ರೌಸಿಂಗ್ ಸೆಂಟರ್ ಇದ್ದಾಗ, ಅಕ್ಕಪಕ್ಕ ಕುಳಿತು ಕೌಂಟರ್ ಸ್ಟ್ರೈಕ್ ಆಡಿದವರೇ ಇಂದಿನ ಅಪ್ಪಂದಿರು. ಮನೆಯಿಂದ ಆಡುವ ಕಾಲ ಬಂದಾಗ ಹತ್ತಿರದ ಸರ್ವರ್ ಎಂದರೆ ಸಿಂಗಾಪುರ. ಫೈಬರ್ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸುಮಾರು 2,900 ಕಿ.ಮೀ. ದೂರದ ಸಿಂಗಾಪುರಕ್ಕೆ ಹೋಗಿ ಬರಲು ಎಷ್ಟೇ ದುಬಾರಿ ಯಂತ್ರವಿದ್ದರೂ ಕನಿಷ್ಠ 29 ಮಿಲಿಸೆಕೆಂಡ್ ಬೇಕು, ವಾಸ್ತವದಲ್ಲಿ ಇನ್ನೂ ಹೆಚ್ಚು. ಗುಂಡು ಹಾರಿಸುವ ಆಟದಲ್ಲಿ ಸೋಲು ಗೆಲುವು ನಿಂತಿರುವುದು ಅಷ್ಟರಲ್ಲೇ. ಮುಂದೆ ವಾಲ್ವ್ ಕಂಪೆನಿ ಚೆನ್ನೈಯಲ್ಲೇ ಸರ್ವರ್ ಇಟ್ಟಿತು. ಅದರ ಸಂಕೇತ 'ಎಂಎಎ', ಮದ್ರಾಸ್ ವಿಮಾನ ನಿಲ್ದಾಣದ್ದೇ ಅಕ್ಷರಗಳು. ಊರಿನ ಹೆಸರು 1996ರಲ್ಲೇ ಬದಲಾಗಿದ್ದರೂ ಹುಡುಗರು ಇಂದಿಗೂ ಆಡುವುದು ಮದ್ರಾಸಿನಲ್ಲೇ! ಹೀಗಾಗಿ ಲಕ್ಷ ರೂಪಾಯಿಯ ಕಾರ್ಡಿಗಿಂತ ವೈಫೈ ಬಿಟ್ಟು ನೇರ ಕೇಬಲ್ ಎಳೆಸುವುದೇ ಮೇಲೆಂದು ಅನುಭವಸ್ಥರು ಹೇಳುತ್ತಾರೆ.

ಪೋಷಕರ ನಿಜವಾದ ಅಂಜಿಕೆ ಬೇರೆಯೇ. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ರಮ್ಮಿಯಲ್ಲಿ ಸೋತವರ ಆತ್ಮಹತ್ಯೆಗಳು ತಮಿಳುನಾಡನ್ನು ಕಲಕಿದ್ದವು. ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಸಮಿತಿಯ ವರದಿಯ ಬಳಿಕ 2022ರಲ್ಲಿ ವಿಧಾನಸಭೆ ನಿಷೇಧ ಮಸೂದೆ ಅಂಗೀಕರಿಸಿತು. ರಾಜ್ಯಪಾಲರ ಅಂಕಿತ ಬಿದ್ದದ್ದು 2023ರ ಏಪ್ರಿಲಿನಲ್ಲಿ. ಅದೇ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ರಮ್ಮಿ, ಪೋಕರ್‌ಗಳನ್ನು ನಿಷೇಧದಿಂದ ಹೊರಗಿಟ್ಟಿತು. 2025ರ ಫೆಬ್ರವರಿಯಲ್ಲಿ ಹಣದ ಆಟಗಳಿಗೆ ಅಪ್ರಾಪ್ತರು ಸೇರುವಂತಿಲ್ಲ, ಮಧ್ಯರಾತ್ರಿಯಿಂದ ಬೆಳಗಿನ 5ರವರೆಗೆ ಲಾಗಿನ್ ಇಲ್ಲ ಎಂಬ ನಿಯಮಗಳು ಬಂದವು. ಆಗಸ್ಟಿನಲ್ಲಿ ಸಂಸತ್ತೇ ಕಾನೂನು ಮಾಡಿ ಹಣದ ಆಟಗಳನ್ನು ಪೂರ್ತಿ ನಿಷೇಧಿಸಿತು, ಇ-ಸ್ಪೋರ್ಟ್ಸ್‌ಗೆ ಮಾತ್ರ ಮನ್ನಣೆ ನೀಡಿತು. ಕರ್ನಾಟಕ 2021ರಲ್ಲಿ ತಂದ ಇಂಥದ್ದೇ ತಿದ್ದುಪಡಿಯನ್ನು ಅಲ್ಲಿನ ಹೈಕೋರ್ಟ್ ಮರುವರ್ಷ ರದ್ದುಗೊಳಿಸಿತ್ತು.

ಈ ಗದ್ದಲದಲ್ಲಿ 'ಆನ್‌ಲೈನ್ ಗೇಮ್' ಎಂದರೆ ಎಲ್ಲವೂ ಜೂಜು ಎಂಬ ಭಾವನೆ ಹಿರಿಯರಲ್ಲಿ ಬೇರೂರಿದೆ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದಾಗಲೂ ಹೀಗೇ ಆಯಿತು. ನಿಷೇಧವಾದದ್ದು ಮೊಬೈಲ್ ಆಟ, ಪಿಸಿಯದ್ದಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆಸೆ ಇದೆಯೇ ಇಲ್ಲವೇ ಎಂಬುದೇ ಗೆರೆ. ಅದರಾಚೆ ಆಟದೊಳಗೆ ಬಂದೂಕಿಗೆ ಬಣ್ಣ, ಅಂಗಿಗೆ ಅಲಂಕಾರ ಕೊಳ್ಳುವ ಚಟವೂ ಇದೆ. ಅದು ಜೂಜಲ್ಲದಿರಬಹುದು, ಆದರೆ ಅಪ್ಪನ ಯುಪಿಐ ಪಿನ್ ಮಗನಿಗೆ ಗೊತ್ತಿದ್ದರೆ ಖರ್ಚು ಅಲ್ಲಿಂದಲೇ ಶುರು.

ಯಂತ್ರದ ಚರ್ಚೆಯನ್ನೇ ಬದಿಗಿಡಬಲ್ಲ ಆಟವೂ ಒಂದಿದೆ. 2023ರಲ್ಲಿ ಬಂದ 'ವೆಣ್ಬಾ', 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿಯ ಕಥೆ. ಹರಿದುಹೋದ ಅಡುಗೆ ಪುಸ್ತಕ ನೋಡಿ ಅಮ್ಮನ ಅಡುಗೆಗಳನ್ನು ಮತ್ತೆ ಮಾಡುವುದೇ ಆಟ. ಮನೆಮಾತಿನಿಂದ ದೂರವಾಗುತ್ತಾ ಹೋಗುವ ಮಗನೂ ಅದರಲ್ಲಿದ್ದಾನೆ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಚೊಚ್ಚಲ ಆಟದ ಪ್ರಶಸ್ತಿ ಇದಕ್ಕೆ ಸಂದಿದೆ. ಹೊರಗೆ ತಮಿಳು, ಒಳಗೆ ಕನ್ನಡ ಎಂದು ಬದುಕುವ ಇಲ್ಲಿನ ಮನೆಗಳಿಗೆ ಆ ಅಡುಗೆಮನೆ ಅಪರಿಚಿತವೇನಲ್ಲ. ಅದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ, ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ತಾಯಿ, ಮಗ ಜೊತೆಗೆ ಕುಳಿತರೆ ಒಂದು ಸಂಜೆಯಲ್ಲಿ ಮುಗಿಯುತ್ತದೆ.