ಕಣ್ಣು ತೆರೆದರೆ ಎಚ್ಚರವೇ?

ಕಳೆದ ವರ್ಷ ನಮ್ಮ ಸೋದರಮಾವನವರು ಭಾಲ್ಕಿಗೆ ಬರುವಾಗ ಮೋಟಾರು ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಹದಿನೆಂಟು ದಿನ ಮೈಮೇಲೆ ಪ್ರಜ್ಞೆಯಿಲ್ಲದೆ ಮಲಗಿದ್ದರು. ಹತ್ತೊಂಬತ್ತನೆಯ ದಿನ ಅವರ ಕಣ್ಣು ತೆರೆಯಿತು. "ನಮ್ಮಣ್ಣ ಕಣ್ ತೆರದಾನ, ಎಚ್ಚರ ಆಗ್ಯಾನ" ಎಂದು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ವೈದ್ಯರು ಮಾತ್ರ ಸಂತೋಷಪಡಲಿಲ್ಲ. ಅದೇಕೆಂಬುದು ನನಗೆ ತಿಳಿದದ್ದು ಆಮೇಲೆ. ನಾನು ಕಲಾ ವಿಭಾಗದ ವಿದ್ಯಾರ್ಥಿ; ಓದಿ, ಕೇಳಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮನೆಯಲ್ಲಿ ದೀಪ ಹತ್ತುವುದು ಬೇರೆ, ಮನೆಯೊಳಗೆ ಮಂದಿ ಇರುವುದು ಬೇರೆಯಷ್ಟೆ. ಎಚ್ಚರವೂ ಹಾಗೆಯೇ. ಕಣ್ಣು ತೆರೆಸುವ, ನಿದ್ರೆ ಬರಿಸುವ ವ್ಯವಸ್ಥೆ ಮುಖ್ಯವಾಗಿ ಮಿದುಳಿನ ಕಾಂಡದಲ್ಲಿದೆ. ತಾನಾರು, ಎದುರಿಗಿರುವವರಾರು ಎಂಬ ಅರಿವಿಗೆ ಮೇಲಿನ ದೊಡ್ಡ ಮಿದುಳು ಬೇಕು. ಕೋಮಾದಲ್ಲಿ ಎರಡೂ ಇಲ್ಲ. ನಿದ್ರೆ ಹೋದವನು ಚಿವುಟಿದರೆ ಏಳುತ್ತಾನೆ; ಕೋಮಾದವನು ಏಳಲಾರ. ಪೆಟ್ಟು, ಮಿದುಳಿನ ರಕ್ತಸ್ರಾವ, ಉಸಿರು ಕಟ್ಟುವುದು, ವಿಷ, ರಕ್ತದಲ್ಲಿ ಸಕ್ಕರೆ ತೀರ ಇಳಿಯುವುದು, ಹೀಗೆ ಕಾರಣಗಳು ಹಲವು. 1974ರಲ್ಲಿ ಗ್ಲಾಸ್ಗೋ ನಗರದ ವೈದ್ಯರು ಕಣ್ಣು, ಮಾತು, ಕೈಕಾಲಿನ ಚಲನೆಗಳಿಗೆ ಅಂಕ ಕೊಡುವ ಕ್ರಮವನ್ನು ತಂದರು: ಪೂರ್ಣಾಂಕ 15, ಕನಿಷ್ಠ 3. (ನಮ್ಮ ಪರೀಕ್ಷೆಗಳಂತೆ ಇಲ್ಲಿ ಸೊನ್ನೆ ಇಲ್ಲ!) 8 ಅಥವಾ ಅದಕ್ಕೂ ಕಡಿಮೆಯಾದರೆ ಸಾಮಾನ್ಯವಾಗಿ ಕೋಮಾ ಎನ್ನುತ್ತಾರೆ.

ಕೋಮಾ ಬಹುಶಃ ಕೆಲವು ವಾರಗಳಿಗಿಂತ ಹೆಚ್ಚು ಉಳಿಯದು. ಬದುಕುಳಿದವರಲ್ಲಿ ಕೆಲವರಿಗೆ ಅರಿವು ಮರಳುತ್ತದೆ. ಕೆಲವರಿಗೆ ದೀಪ ಮಾತ್ರ ಹತ್ತುತ್ತದೆ. ಅವರು ಕಣ್ಣು ತೆರೆಯುತ್ತಾರೆ, ನಿದ್ರಿಸುತ್ತಾರೆ, ಅರಿವು ಮಾತ್ರ ಕಾಣದು. ಮಿದುಳಿನ ಸಾವು ಇದಲ್ಲ. ಅಲ್ಲಿ ಕಾಂಡವೇ ಸತ್ತು ಉಸಿರಾಟ ಯಂತ್ರದಿಂದ ನಡೆಯುತ್ತದೆ.

ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. 1973ರ ನವೆಂಬರ್ 27ರಂದು ಅಲ್ಲಿನ ನೌಕರನೊಬ್ಬ ಅವರ ಮೇಲೆರಗಿ ಕೊರಳಿಗೆ ಸರಪಳಿ ಬಿಗಿದ. ಮಿದುಳಿಗೆ ಪ್ರಾಣವಾಯು ನಿಂತಿತು. ಮುಂದೆ ನಾಲ್ವತ್ತೊಂದು ವರ್ಷಗಳಿಗೂ ಹೆಚ್ಚು ಕಾಲ ಅವರನ್ನು ಸಾಕಿದವರು ಆ ಆಸ್ಪತ್ರೆಯ ದಾದಿಯರೇ. ಆಹಾರ ನಿಲ್ಲಿಸಿ ಅವರಿಗೆ ಮುಕ್ತಿ ಕೊಡಿಸಿರೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಆಸ್ಪತ್ರೆಯವರು ಒಪ್ಪಲಿಲ್ಲ. 2011ರ ಮಾರ್ಚ್ 7ರಂದು ನ್ಯಾಯಾಲಯವು ಮನವಿಯನ್ನು ತಳ್ಳಿಹಾಕಿತಾದರೂ, ಇಂಥವರಿಗೆ ಜೀವಾಧಾರ ಚಿಕಿತ್ಸೆಯನ್ನು ಹೈಕೋರ್ಟಿನ ಅನುಮತಿಯಿಂದ ಹಿಂತೆಗೆಯಬಹುದೆಂದಿತು. 2018ರಲ್ಲಿ ಸಂವಿಧಾನ ಪೀಠವು ಘನತೆಯ ಮರಣವೂ ಹಕ್ಕೆಂದಿತು. ಅರುಣಾ ಅಷ್ಟರಲ್ಲಿ, 2015ರ ಮೇ 18ರಂದು, ನ್ಯುಮೋನಿಯಾದಿಂದ ತೀರಿಕೊಂಡಿದ್ದರು. ಇಬ್ಬರದೂ ಕರುಣೆಯೇ, ನನಗೆ ಮಾತ್ರ ದಾದಿಯರ ಪಕ್ಷವನ್ನು ಬಿಟ್ಟುಕೊಡಲು ಮನಸ್ಸಾಗದು.

2006ರಲ್ಲಿ ಇಂಗ್ಲೆಂಡಿನಲ್ಲಿ ಏಡ್ರಿಯನ್ ಓವನ್ ಎಂಬ ವಿಜ್ಞಾನಿ ಇಂಥ ಸ್ಥಿತಿಯ ಯುವತಿಯೊಬ್ಬಳಿಗೆ ಟೆನಿಸ್ ಆಡುವಂತೆ ಊಹಿಸಿಕೋ ಎಂದಾಗ, ಯಂತ್ರದಲ್ಲಿ ಅವಳ ಮಿದುಳು ಆರೋಗ್ಯವಂತರಂತೆಯೇ ಸ್ಪಂದಿಸಿತು. ಎಲ್ಲರಲ್ಲಿಯೂ ಹೀಗಾಗದು. ಆದರೆ ಹಾಸಿಗೆಯ ಬಳಿ ಆಡುವ ಮಾತನ್ನು ನೋಡಿ ಆಡಬೇಕು.

ಇದನ್ನು ಅವ್ವನಿಗೆ ಹೇಳಿದೆ. ಅಂದಿನಿಂದ ಆಕೆ ದಿನವೂ ಸಂಜೆ ಮಾವನ ಬಳಿ ಕುಳಿತು ಮಳೆ, ತೊಗರಿಯ ಧಾರಣೆ, ಬೀಗರ ಜಗಳ ಎಲ್ಲ ಹೇಳುತ್ತಾಳೆ. ಕಳೆದ ಅಮಾವಾಸ್ಯೆಯಿಂದೀಚೆಗೆ ಅವರ ಕಣ್ಣು ಅವ್ವನ ಬಳೆಗಳ ಹಿಂದೆ ಮೆಲ್ಲಗೆ ಸರಿಯುತ್ತಿದೆ. ವೈದ್ಯರು ಕನ್ನಡಿ ಹಿಡಿದು ಮತ್ತೆ ಮತ್ತೆ ನೋಡಿ, ಅದನ್ನು ಬರೆದುಕೊಂಡು ಹೋದರು.