ರಿಫಂಡಿನಲ್ಲಿ ಮುರಿದುಕೊಳ್ಳುವ ಹಳೇ ಬಾಕಿ



ಅಡತಿ ಅಂಗಡಿಗೆ ಮಾಲು ಹಾಕಿದ ರೈತನ ಕೈಗೆ ಲೆಕ್ಕದ ಪಟ್ಟಿ ಬರುವಷ್ಟರಲ್ಲಿ, ಹಿಂದೆ ತೆಗೆದುಕೊಂಡ ಮುಂಗಡ ಅದರಲ್ಲೇ ವಜಾ ಆಗಿರುತ್ತದೆ. ಇದಕ್ಕೆ ನಾವು ಮುರಿದುಕೊಳ್ಳುವುದು ಅನ್ನುತ್ತೇವೆ. ಮರಾಠಿ ಸೀಮೆಯವರು ವಳತೆ ಮಾಡಿಕೊಳ್ಳುವುದು ಅನ್ನುತ್ತಾರೆ. ಆದಾಯ ತೆರಿಗೆ ಇಲಾಖೆ ಮಾಡುವುದೂ ಇದನ್ನೇ.

ರಿಫಂಡು ಅಂದರೆ ದೊಡ್ಡ ವ್ಯಾಪಾರಸ್ಥರ ಮಾತು ಎಂದುಕೊಳ್ಳಬೇಡಿ. ಠೇವಣಿಯ ಬಡ್ಡಿ ಒಂದು ಮಿತಿ ದಾಟಿದರೆ ಬ್ಯಾಂಕು ಅದರಲ್ಲಿ ತೆರಿಗೆ ಹಿಡಿಯುತ್ತದೆ; ಅದೇ ಟಿಡಿಎಸ್. ಅಷ್ಟು ತೆರಿಗೆ ಬೀಳದ ಪಿಂಚಣಿದಾರರು ರಿಟರ್ನ್ ತುಂಬಿ ಆ ಹಣವನ್ನು ಹಿಂದಕ್ಕೆ ಪಡೆಯುತ್ತಾರೆ. ಈ ರಿಟರ್ನುಗಳನ್ನು ಪರಿಶೀಲಿಸುವ ಕೇಂದ್ರ ಬೆಂಗಳೂರಿನಲ್ಲಿದೆ. ಅಲ್ಲಿನ ಲೆಕ್ಕದಲ್ಲಿ ನಿಮ್ಮ ಪ್ಯಾನ್ ನಂಬರಿನ ಮೇಲೆ ಯಾವುದೋ ವರ್ಷದ ಬಾಕಿ ನಿಂತಿದ್ದರೆ, ಬರಬೇಕಾದ ರಿಫಂಡಿನಲ್ಲಿ ಅದನ್ನು ಮುರಿದುಕೊಳ್ಳಬಹುದು. 1961ರ ಆದಾಯ ತೆರಿಗೆ ಕಾಯ್ದೆಯ 245ನೇ ಕಲಂ ಕೊಟ್ಟ ಅಧಿಕಾರವಿದು. 2026ರ ಏಪ್ರಿಲ್ 1 ಜಾರಿ ದಿನಾಂಕವಾಗಿರುವ 2025ರ ಹೊಸ ಕಾಯ್ದೆಯಲ್ಲೂ ಇದು ಉಳಿದಿದೆ.

ನಿಜವಾದ ಬಾಕಿಯನ್ನು ಮುರಿದುಕೊಂಡರೆ ತಕರಾರಿಲ್ಲ. ತೊಂದರೆ ಇರುವುದು ತಪ್ಪು ಬಾಕಿಯಲ್ಲಿ. ಪ್ಯಾನ್ ನಂಬರಿನ ನಾಲ್ಕು ಅಂಕಿಗಳಲ್ಲಿ ಎರಡು ಹಿಂದುಮುಂದಾದರೂ ಸಾಕು, ನಿಮ್ಮಿಂದ ಹಿಡಿದ ತೆರಿಗೆ ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ. ನೀವು ಕಟ್ಟಿಯೇ ಇಲ್ಲ ಎಂದಾಗುತ್ತದೆ. ಕೈಬರಹದ ರಿಜಿಸ್ಟರುಗಳಿಂದ ಗಣಕಯಂತ್ರಕ್ಕೆ ಏರಿಸಿದ ಹಳೇ ಬಾಕಿಗಳಲ್ಲೂ ಇಂಥ ದೋಷಗಳಿದ್ದವು. ಈ ದೂರು ದೆಹಲಿ ಹೈಕೋರ್ಟಿನವರೆಗೆ ಹೋಯಿತು. 2013ರ ಮಾರ್ಚಿನಲ್ಲಿ ಅದು ಕೊಟ್ಟ ತೀರ್ಪಿನ ಸಾರ ಇಷ್ಟು: ಮುರಿದುಕೊಳ್ಳುವ ಮುಂಚೆ ತೆರಿಗೆದಾರನಿಗೆ ತಿಳಿಸಬೇಕು, ಅವನ ಉತ್ತರವನ್ನು ನೋಡಬೇಕು, ಆಮೇಲೆಯೇ ಹಣಕ್ಕೆ ಕೈಹಾಕಬೇಕು.

ಆದರೆ ಆ ತಿಳುವಳಿಕೆ ಪತ್ರ ಅಂಚೆಯಣ್ಣನ ಚೀಲದಲ್ಲಿ ಬರುವುದಿಲ್ಲ, ಇ-ಮೇಲಿಗೆ ಬರುತ್ತದೆ. ಹಳ್ಳಿಗಳಲ್ಲಿ ಎಷ್ಟೋ ಜನರ ರಿಟರ್ನಿನಲ್ಲಿ ಇರುವುದು ಪೇಟೆಯಲ್ಲಿ ಅದನ್ನು ತುಂಬಿಕೊಟ್ಟವರ ಇ-ಮೇಲು. ಅವರು ನೋಡದಿದ್ದರೆ ನಿಮಗೆ ಸುದ್ದಿಯಿಲ್ಲ. ನೋಟೀಸಿನಲ್ಲಿ ಕೊಟ್ಟ ಅವಧಿಯೊಳಗೆ ಉತ್ತರ ಹೋಗದಿದ್ದರೆ ನೀವು ಬಾಕಿಯನ್ನು ಒಪ್ಪಿದಿರಿ ಎಂದೇ ಲೆಕ್ಕ. ಹೀಗಾಗಿ ಮೊದಲು ನಿಮ್ಮದೋ ಮಕ್ಕಳದೋ ಇ-ಮೇಲು ಮತ್ತು ಮೊಬೈಲ್ ನಂಬರು ಅಲ್ಲಿ ಸೇರಿಸಿ. ಇಲಾಖೆಯ ಪೋರ್ಟಲಿನಲ್ಲಿ ಹಳೇ ಬಾಕಿಗಳ ಪಟ್ಟಿ ಸಿಗುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಅಲ್ಲಿಯೇ ಕಾರಣ ಬರೆದು, ಕಟ್ಟಿದ ಚಲನಿನ ವಿವರ ಕೊಡಬಹುದು. ಟಿಡಿಎಸ್ ಸೇರದೇ ಹೋಗಿದ್ದರೆ ಇಲಾಖೆಗೆ ಬರೆದು ಕೂತರೆ ಸಾಲದು. ತೆರಿಗೆ ಹಿಡಿದ ಬ್ಯಾಂಕಿನವರೇ ತಮ್ಮ ಟಿಡಿಎಸ್ ರಿಟರ್ನನ್ನು ತಿದ್ದಿ ಕಳಿಸಬೇಕು. ಶಾಖೆಗೆ ಅರ್ಜಿ ಕೊಡುವಾಗ ಪ್ಯಾನ್ ಕಾರ್ಡಿನ ನಕಲು ಜೊತೆಗಿರಲಿ, ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಗುಮಾಸ್ತನಾಗಿದ್ದವನ ಮಾತಿದು, ಸೀಲಿಲ್ಲದ ಅರ್ಜಿಗೆ ಗತಿಯಿಲ್ಲ.

ಬಡ್ಡಿಯ ವಿಷಯದಲ್ಲೂ ಒಂದು ತಮಾಷೆ ಇದೆ. ನೀವು ಉಳಿಸಿಕೊಂಡ ತೆರಿಗೆಗೆ ತಿಂಗಳಿಗೆ ಶೇಕಡಾ 1. ಇಲಾಖೆ ತಡವಾಗಿ ಕೊಡುವ ರಿಫಂಡಿಗೆ, ಅದೂ ಕೊಡಬೇಕಾಗಿ ಬಂದಲ್ಲಿ, ಅದರ ಅರ್ಧ!

2024ರ ಫೆಬ್ರವರಿಯ ಮಧ್ಯಂತರ ಬಜೆಟ್ಟಿನಲ್ಲಿ ಸಣ್ಣ ಹಳೇ ಬಾಕಿಗಳನ್ನು ಕೈಬಿಡುವುದಾಗಿ ಸರ್ಕಾರ ಸಾರಿತು: 2009-10ರ ಹಣಕಾಸು ವರ್ಷದವರೆಗಿನವು 25,000 ರೂಪಾಯಿಯ ತನಕ, 2010-11ರಿಂದ 2014-15ರವರೆಗಿನವು 10,000ದ ತನಕ. ಒಬ್ಬರಿಗೆ ಒಟ್ಟು 1 ಲಕ್ಷದ ಮಿತಿ. ನಿಮ್ಮ ಹಳೇ ಬಾಕಿ ಇದರೊಳಗೆ ಬರುತ್ತದೋ ಎಂದು ಪಟ್ಟಿಯಲ್ಲಿ ನೋಡಿಸಿ.

ಬೆಳೆಸಾಲ ಬಾಕಿ ಇದ್ದರೆ ರಿಫಂಡು ಹಿಡಿಯುತ್ತಾರೆಯೇ ಎಂಬ ಭಯ ಹಲವರಿಗಿದೆ. 245ನೇ ಕಲಮಿನಲ್ಲಿ ಮುರಿದುಕೊಳ್ಳುವುದು ಆದಾಯ ತೆರಿಗೆಯ ಬಾಕಿಯನ್ನು ಮಾತ್ರ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ವಿದ್ಯಾರ್ಥಿ ಸಾಲ, ಬಿಟ್ಟುಹೋದ ಮಕ್ಕಳ ಜೀವನಾಂಶದ ಬಾಕಿಯನ್ನೂ ರಿಫಂಡಿನಿಂದ ವಸೂಲು ಮಾಡುವ ಕಾನೂನಿದೆ. ನಮ್ಮಲ್ಲಿ ರಿಫಂಡು ಖಾತೆಗೆ ಜಮಾ ಆದ ಮೇಲೆ ಸಾಲ ಕೊಟ್ಟ ಬ್ಯಾಂಕು ಏನು ಮಾಡಬಹುದು ಎಂಬುದು ಬೇರೆ ಮಾತು. ಅದು ಸಾಲದ ಕರಾರಿನಲ್ಲಿರುತ್ತದೆ, ಓದಿಸಿ ಕೇಳಿ.

ಪೋರ್ಟಲಿನಲ್ಲಿ ಉತ್ತರ ಕಳಿಸಿದ ಮೇಲೆ ತೆರೆಯ ಮೇಲೆ ಒಂದು ನಂಬರು ಬರುತ್ತದೆ. ಅದನ್ನು ಪಾಸ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.